ಸ್ಥಳೀಯ ಪ್ರತಿಭೆಗಳಿಂದ ವಿವಿಧ ವಿನೋದಾವಳಿ

ಗಣೇಶೋತ್ಸವದ ಹಳೇ ಕರಪತ್ರ ನಿಮ್ಮ ಮನೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಒಮ್ಮೆ ತೆಗೆದು ನೋಡಿ. ಮೇಲೆ ಶ್ರೀಕಾರ, ಕೆಳಗೆ ಗಣಪನ ಬ್ಲಾಕು, ಆಮೇಲೆ ದಿನಕ್ಕೊಂದರಂತೆ ಕಾರ್ಯಕ್ರಮಗಳ ಪಟ್ಟಿ. ಹರಿಕಥೆ ಇದ್ದರೆ ದಾಸರ ಹೆಸರಿರುತ್ತದೆ. ಸಂಗೀತ ಕಛೇರಿ ಇದ್ದರೆ ವಿದ್ವಾಂಸರ ಹೆಸರು, ಪಿಟೀಲು ಮೃದಂಗದವರ ಹೆಸರು ಕೂಡ ಇರುತ್ತದೆ. ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ, ಹೆಚ್ಚಾಗಿ ಶನಿವಾರ ರಾತ್ರಿಗೆ, ಇನ್ನೊಂದು ಸಾಲು: 'ಸ್ಥಳೀಯ ಪ್ರತಿಭೆಗಳಿಂದ ವಿವಿಧ ವಿನೋದಾವಳಿ'. ಅಷ್ಟೇ. ಯಾರ ಹೆಸರೂ ಇಲ್ಲ. ಇಡೀ ಉತ್ಸವದಲ್ಲಿ ಅತಿ ಹೆಚ್ಚು ಜನ ವೇದಿಕೆ ಹತ್ತುತ್ತಿದ್ದದ್ದು ಅವತ್ತೇ. ಹೆಸರು ಹಾಕದೆ ಬಿಟ್ಟದ್ದೂ ಅವರದ್ದೇ.

ಆ ಹೆಸರಿಲ್ಲದ ಸಾಲಿನ ಇತಿಹಾಸ ಬರೆಯೋಣ ಅಂತ ಕೂತಿದ್ದೇನೆ.

ಕನ್ನಡ ರಂಗಭೂಮಿಯ ಬಗ್ಗೆ ಪುಸ್ತಕಗಳಿಗೇನೂ ಕೊರತೆಯಿಲ್ಲ. ವೃತ್ತಿ ಕಂಪನಿಗಳ ಬಗ್ಗೆ ಬರೆದಿದ್ದಾರೆ, ಹೆಸರು ಮಾಡಿದ ಹವ್ಯಾಸಿ ತಂಡಗಳ ಬಗ್ಗೆ ಬರೆದಿದ್ದಾರೆ. ಆದರೆ ಬೀದಿಯವರೇ ಚಂದಾ ಎತ್ತಿ, ಬೀದಿಯವರೇ ಹಲಗೆ ಜೋಡಿಸಿ, ಬೀದಿಯವರೇ ಬಣ್ಣ ಹಚ್ಚಿಕೊಂಡು, ಬೀದಿಯವರ ಮುಂದೆಯೇ ಆಡಿ ಮುಗಿಸಿದ ಆ ಮೂರು ಗಂಟೆಗಳ ಬಗ್ಗೆ ಹುಡುಕಿದರೆ ಸಿಗುವುದು ತೀರಾ ಕಡಿಮೆ. ಕಾರಣ ಬಹಳ ಸರಳ. ಟಿಕೇಟು ಇದ್ದಲ್ಲಿ ಲೆಕ್ಕ ಇರುತ್ತದೆ, ಜಾಹೀರಾತು ಇರುತ್ತದೆ, ಪತ್ರಿಕೆಯಲ್ಲಿ ವಿಮರ್ಶೆ ಬರುತ್ತದೆ. ಟಿಕೇಟಿಲ್ಲದ ಆಟ ಪರದೆ ಬಿದ್ದ ಕೂಡಲೇ ಮುಗಿಯಿತು. ದುಡ್ಡು ಕೊಟ್ಟು ನೋಡಿದ್ದಕ್ಕೆ ನಮ್ಮಲ್ಲಿ ಚರಿತ್ರೆ ಇದೆ. ಚಂದಾ ಕೊಟ್ಟು ನಾವೇ ಮಾಡಿಕೊಂಡದ್ದಕ್ಕೆ ಇಲ್ಲ.

ಬೀದಿಗೆ ಬಂದ ಗಣಪ

ಮನೆಯ ಗಣಪ ಬಹಳ ಹಳಬ. ಬೀದಿಯ ಗಣಪ ಅಷ್ಟೇನೂ ಹಳಬನಲ್ಲ. 1892-93ರ ಹೊತ್ತಿಗೆ ಪುಣೆಯಲ್ಲಿ ಭಾವುಸಾಹೇಬ್ ರಂಗಾರಿ ಮತ್ತಿತರರು ಸಾರ್ವಜನಿಕವಾಗಿ ಗಣಪತಿ ಕೂರಿಸಿದರು. ಬಾಲಗಂಗಾಧರ ತಿಲಕರು ಅದನ್ನು ಕೈಗೆತ್ತಿಕೊಂಡು 'ಕೇಸರಿ' ಪತ್ರಿಕೆಯ ಮೂಲಕ ಊರೂರಿಗೆ ಹಬ್ಬಿಸಿದರು. ರಾಜಕೀಯ ಸಭೆಗೆ ಬರಲು ಹೆದರುವ ಜನ ದೇವರ ಮುಂದೆ ಸೇರಲು ಹೆದರುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರವಾಗಿತ್ತು.

ಸೇರಿದ ಜನರನ್ನು ಹತ್ತು ದಿನ ಹಿಡಿದು ಕೂರಿಸುವುದು ಹೇಗೆ? ಅಲ್ಲಿಂದ ಶುರುವಾದದ್ದು 'ಮೇಳ'. ಓಣಿಯ ಹುಡುಗರು ಒಂದೇ ಥರದ ದಿರಿಸು ತೊಟ್ಟು, ಗುಂಪಾಗಿ ಹೆಜ್ಜೆ ಹಾಕುತ್ತಾ ಹಾಡುವ ತಂಡಗಳು. ಹಾಡಿನಲ್ಲಿ ಪುರಾಣವೂ ಇರುತ್ತಿತ್ತು, ಸರ್ಕಾರಕ್ಕೆ ಕುಟುಕುವ ಮಾತೂ ಇರುತ್ತಿತ್ತು. ಸ್ವದೇಶಿ ಚಳವಳಿಯ ಕಾಲಕ್ಕೆ ಬ್ರಿಟಿಷ್ ಸರ್ಕಾರ ಈ ಮೇಳಗಳ ಹಾಡುಗಳ ಮೇಲೆ ಕಣ್ಣಿಟ್ಟಿತು. ನಾಟಕಗಳನ್ನು ಹಿಡಿತದಲ್ಲಿಡಲು 1876ರಷ್ಟು ಹಿಂದೆಯೇ ಅವರು ಕಾಯ್ದೆ ಮಾಡಿಕೊಂಡಿದ್ದರು. ಇಲ್ಲಿ ಆಡುವವರು ಕಂಪನಿಯ ನಟರಲ್ಲ, ಗಲ್ಲಿಯ ಹುಡುಗರು. ಎಷ್ಟು ಗಲ್ಲಿಗೆ ಅಂತ ಪೊಲೀಸರನ್ನು ಕಳಿಸುತ್ತಾರೆ, ಹೇಳಿ!

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಅಲ್ಲಿಯವರೆಗೆ ಪುಣೆಯ ಹಿಂದೂಗಳು ದೊಡ್ಡ ಸಂಖ್ಯೆಯಲ್ಲಿ ಮೊಹರಂನಲ್ಲಿ ಭಾಗವಹಿಸುತ್ತಿದ್ದರು. ಮೇಳಗಳ ಸ್ವರೂಪಕ್ಕೆ ಮಾದರಿಯಾದದ್ದೇ ಮೊಹರಂನ ಹಾಡುವ, ಕುಣಿಯುವ ತಂಡಗಳು. 1893ರ ಗಲಭೆಗಳ ನಂತರ ಆ ಜನರನ್ನು ಮೊಹರಂನಿಂದ ಈ ಕಡೆಗೆ ತಿರುಗಿಸುವುದೂ ಹೊಸ ಉತ್ಸವದ ಒಂದು ಉದ್ದೇಶವಾಗಿತ್ತು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಾತ್ರ ಹಳೆಯ ನಂಟು ಪೂರ್ತಿ ಕಡಿಯಲಿಲ್ಲ. ಅಲಾಯಿ ಕುಣಿತ, ಹುಲಿವೇಷ, ಕನ್ನಡದಲ್ಲೇ ಹಾಡುವ ರಿವಾಯತ್ ಪದಗಳಿಗೆ ಇವತ್ತಿಗೂ ಎರಡೂ ಮತದವರು ಸೇರುತ್ತಾರೆ. ಸಂಭಾವನೆ ಇಲ್ಲದೆ, ಊರವರೇ ಊರವರಿಗಾಗಿ ಮಾಡುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದವು. ಹಾಗಾಗಿ ಬೀದಿ ಗಣಪ ಕರ್ನಾಟಕಕ್ಕೆ ಬಂದದ್ದೂ ಆ ದಿಕ್ಕಿನಿಂದಲೇ. ಬೆಳಗಾವಿಯ ಝೆಂಡಾ ಚೌಕದ ಗಣೇಶೋತ್ಸವವನ್ನು 1905ರಲ್ಲಿ ತಿಲಕರೇ ಶುರುಮಾಡಿಸಿದರು ಎಂದು ಆ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಬೆಳಗಾವಿ ಅಂದಾಗ ಇನ್ನೊಂದು ವೇದಿಕೆ ನೆನಪಾಗುತ್ತದೆ. ಅದು ಗಣಪತಿಯದಲ್ಲ, 1924ರ ಕಾಂಗ್ರೆಸ್ ಅಧಿವೇಶನದ್ದು. ಅಧ್ಯಕ್ಷರು ಗಾಂಧೀಜಿ. ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದವಳೊಬ್ಬಳಿದ್ದಳು. ಆಕೆಯೇ ಮುಂದೆ ಗಂಗೂಬಾಯಿ ಹಾನಗಲ್ ಆದದ್ದು. ಹಾಡಿ ಮುಗಿದ ಮೇಲೆ ಎಲ್ಲಿ ಊಟದ ಎಲೆ ಎತ್ತಲು ಹೇಳುತ್ತಾರೋ ಎಂಬ ಭಯ ತನಗಿತ್ತು ಎಂದು ಅವರೇ ದೊಡ್ಡವರಾದ ಮೇಲೆ ನೆನಪಿಸಿಕೊಂಡಿದ್ದಾರೆ. ವೇದಿಕೆ ಹತ್ತಿಸಿದವರು ಕೆಳಗಿಳಿದ ಮೇಲೆ ಹೇಗೆ ನಡೆಸಿಕೊಳ್ಳುತ್ತಾರೆ ಎನ್ನುವ ಪ್ರಶ್ನೆ ಹನ್ನೊಂದು ವರ್ಷದ ಹುಡುಗಿಯ ತಲೆಯಲ್ಲಿತ್ತು ನೋಡಿ. ಈ ಇತಿಹಾಸದ ಉದ್ದಕ್ಕೂ ಆ ಪ್ರಶ್ನೆ ನಮ್ಮ ಜೊತೆಗೇ ಬರುತ್ತದೆ.

ಈ ಕಡೆ, ಹಳೇ ಮೈಸೂರಿನಲ್ಲಿ

ನಮ್ಮ ಸೀಮೆಯಲ್ಲಿ ಕತೆ ಸ್ವಲ್ಪ ಬೇರೆ. ಇಲ್ಲಿ ಬೀದಿ ಗಣಪ ಬರುವುದಕ್ಕೆ ಮೊದಲೇ ಊರವರ ನಾಟಕ ಇತ್ತು. ನಾನು ತುಮಕೂರು ಜಿಲ್ಲೆಯವನು, ಆದ್ದರಿಂದ ನಮ್ಮ ಗುಬ್ಬಿಯನ್ನೇ ತೆಗೆದುಕೊಳ್ಳುತ್ತೇನೆ (ಊರಭಿಮಾನ ಅಂದರೂ ಪರವಾಗಿಲ್ಲ!). ಗುಬ್ಬಿ ಕಂಪನಿ ಅಂದರೆ ನಮಗೆಲ್ಲ ವೀರಣ್ಣನವರು, ಆನೆ ಕುದುರೆಗಳನ್ನು ರಂಗಕ್ಕೆ ತಂದ ವೈಭವ ನೆನಪಾಗುತ್ತದೆ. ಆದರೆ 1884ರಲ್ಲಿ ಅದು ಶುರುವಾದಾಗ ಕಂಪನಿಯೇ ಆಗಿರಲಿಲ್ಲ. ಊರಿನ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು, ಸುಲೇಮಾನ್ ಸಾಹೇಬರು ಮುಂತಾದವರು ಸೇರಿ, ವ್ಯಾಪಾರ ವಹಿವಾಟು ಮಾಡಿಕೊಂಡೇ ಹವ್ಯಾಸಕ್ಕೆ ಕಟ್ಟಿಕೊಂಡ ನಾಟಕ ಮಂಡಳಿ ಅದು. ಹೆಸರು ಊರ ದೇವರು ಚನ್ನಬಸವೇಶ್ವರ ಸ್ವಾಮಿಯದು. ವೀರಣ್ಣನವರು ಬಾಲಕನಾಗಿ ಸೇರಿ, ಮುಂದೆ 1917ರಲ್ಲಿ ಅದರ ಮಾಲೀಕರಾದರು. ಕರ್ನಾಟಕದ ಅತಿ ದೊಡ್ಡ ನಾಟಕ ಕಂಪನಿ ಹುಟ್ಟಿದ್ದು ಒಂದು ಊರಿನ 'ಸ್ಥಳೀಯ ಪ್ರತಿಭೆ'ಗಳಿಂದ ಎನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ.

ಕಂಪನಿಗಳು ಊರೂರು ಸುತ್ತಿದಂತೆ ಹಳ್ಳಿಯವರಿಗೂ ಆಸೆ ಹತ್ತಿತು. ತುಮಕೂರು, ಮಂಡ್ಯ, ಹಾಸನದ ಕಡೆ ಇವತ್ತಿಗೂ ನಡೆಯುವ 'ಕುರುಕ್ಷೇತ್ರ' ನಾಟಕ ಅದರ ಫಲ. ಅದರ ಹಣಕಾಸಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೇಳಿ. ಇಲ್ಲಿ ನಟನಿಗೆ ಸಂಬಳ ಕೊಡುವುದಿಲ್ಲ, ನಟನೇ ದುಡ್ಡು ಕೊಡುತ್ತಾನೆ! ದುರ್ಯೋಧನ, ಕೃಷ್ಣ, ಭೀಮನಂಥ ಪಾತ್ರ ಬೇಕಾದರೆ ಪಾಲು ಜಾಸ್ತಿ. ದೂತನಿಗೆ, ಸೈನಿಕನಿಗೆ ಕಡಿಮೆ. ಸೇರಿದ ದುಡ್ಡಿನಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ ಕೊಡಬೇಕು, ಸೀನರಿ ಬಾಡಿಗೆ ಕೊಡಬೇಕು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕರೆಸಿದ ಕಲಾವಿದೆಯರಿಗೆ ಕೊಡಬೇಕು. ಅಂದರೆ ಇಡೀ ರಂಗದಲ್ಲಿ ಗಂಡಸರು ಶೋಕಿಗೆ ಬಂದವರು, ಹೆಂಗಸರು ಮಾತ್ರ ಹೊಟ್ಟೆಪಾಡಿಗೆ ಬಂದವರು. ಊರ ಹೆಣ್ಣುಮಕ್ಕಳು ರಂಗ ಹತ್ತುವುದು ಯೋಚನೆಗೂ ಬರದ ಮಾತಾಗಿತ್ತು.

ಪಟ್ಟಣದಲ್ಲಿ ಇನ್ನೊಂದು ಧಾರೆ. 1909ರಲ್ಲಿ ಬೆಂಗಳೂರಿನಲ್ಲಿ ಓದಿದವರು, ಕೆಲಸದಲ್ಲಿದ್ದವರು ಸೇರಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಕಟ್ಟಿದರು. ಟಿ.ಪಿ. ಕೈಲಾಸಂ ಬಂದ ಮೇಲೆ ಹವ್ಯಾಸಿಗಳಿಗೆ ಹೇಳಿ ಮಾಡಿಸಿದಂಥ ನಾಟಕಗಳು ಸಿಕ್ಕವು. ಒಂದು ಹಜಾರ, ನಾಲ್ಕು ಕುರ್ಚಿ, ಏಳೆಂಟು ಪಾತ್ರ, ಮನೆಯಲ್ಲಿ ಆಡುವ ಮಾತು. ಅರಮನೆ ಸೀನರಿ ಬೇಡ, ಕಿರೀಟ ಬೇಡ. ಮುಂದೆ ಐವತ್ತು ವರ್ಷ ನಮ್ಮ ಬೀದಿ ವೇದಿಕೆಗಳು 'ಪ್ರಹಸನ' ಅಂತ ಆಡಿದ್ದರ ಬೇರು ಇಲ್ಲಿದೆ ಎಂದು ನನ್ನ ಅನಿಸಿಕೆ.

ಸಾರ್ವಜನಿಕ ಗಣಪ ಅಂದರೆ ಬರೀ ನಗು, ಹಾಡು ಅಂತಲೂ ತಿಳಿಯಬೇಡಿ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣಪತಿ ವಿಗ್ರಹದ ವಿಚಾರಕ್ಕೆ ಗಲಭೆಯಾಗಿ, ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಬೀದಿ ಯಾರದ್ದು ಎನ್ನುವ ಜಗಳ ಬೀದಿ ಉತ್ಸವದಷ್ಟೇ ಹಳೆಯದು.

ಕಾರ್ಖಾನೆ, ಕ್ಯಾಸೆಟ್ಟು, ರಾಜ್ಯೋತ್ಸವ

1956ರ ನವೆಂಬರ್ 1ರ ಏಕೀಕರಣದ ನಂತರ ವಿನೋದಾವಳಿಗೆ ಇನ್ನೊಂದು ಹಬ್ಬ ಸಿಕ್ಕಿತು. ಶಾಲೆ, ಕಚೇರಿ, ಬಡಾವಣೆ ಎಲ್ಲ ಕಡೆ ರಾಜ್ಯೋತ್ಸವ. ಗಣಪತಿಯ ಸೀರಿಯಲ್ ಸೆಟ್ ದೀಪ, ಅದೇ ಹಲಗೆ, ಅದೇ ಹುಡುಗರು. ದೇವರ ಜಾಗದಲ್ಲಿ ಭುವನೇಶ್ವರಿ, ಅಷ್ಟೇ ವ್ಯತ್ಯಾಸ.

ಬೆಂಗಳೂರಿನ ದೊಡ್ಡ ಕಾರ್ಖಾನೆಗಳು ಇದಕ್ಕೆ ಬಲ ಕೊಟ್ಟವು. 1940ರಲ್ಲಿ ಎಚ್ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್ಎಂಟಿ, 1954ರಲ್ಲಿ ಬಿಇಎಲ್. ಸಾವಿರಾರು ನೌಕರರು, ಅವರದೇ ಕಾಲೋನಿ, ಅವರದೇ ಸಭಾಂಗಣ, ಅವರದೇ ಕನ್ನಡ ಸಂಘ, ಲಲಿತಕಲಾ ಸಂಘ. ಶಿಫ್ಟ್ ಮುಗಿಸಿ ಬಂದು ರಿಹರ್ಸಲ್ ಮಾಡುವವರು. ಭಾವಗೀತೆಗಳಿಗೆ ಹೊಸ ಜೀವ ಕೊಟ್ಟ ಸಿ. ಅಶ್ವಥ್ ಐಟಿಐ ನೌಕರರಾಗಿದ್ದುಕೊಂಡೇ ಹಾಡುಗಳಿಗೆ ರಾಗ ಹಾಕಿದವರು. ನಟ ದತ್ತಣ್ಣ ವಾಯುಪಡೆಯಲ್ಲಿ, ಆಮೇಲೆ ಎಚ್ಎಎಲ್‌ನಲ್ಲಿ ಕೆಲಸ ಮಾಡಿದವರು. ಹೆಸರು ಬಂದವರು ಇಂಥ ನಾಲ್ಕು ಜನ. ಅವರ ಹಿಂದೆ ಹೆಸರು ಬರದೇ ಹೋದ ನಾಲ್ಕು ಸಾವಿರ ಜನ ಇದ್ದಿರಲೇಬೇಕು.

1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಇದರ ಮಹತ್ವವನ್ನು ಸಾಹಿತ್ಯದ ಕಡೆಯಿಂದ ಬಹಳ ಜನ ಹೇಳಿದ್ದಾರೆ. ನಾನು ಬೀದಿ ವೇದಿಕೆಯ ಕಡೆಯಿಂದ ಹೇಳುತ್ತೇನೆ. ಅದಕ್ಕೆ ಮೊದಲು ಬೀದಿಯ ಹುಡುಗಿ ವೇದಿಕೆಯಲ್ಲಿ ಹಾಡಬೇಕಾದರೆ ದೇವರನಾಮ ಬರಬೇಕು, ಇಲ್ಲ ಸಿನಿಮಾ ಹಾಡು. ದೇವರನಾಮಕ್ಕೆ ಸಂಗೀತ ಕಲಿತಿರಬೇಕು, ಸಿನಿಮಾ ಹಾಡಿಗೆ ಮನೆಯಲ್ಲಿ ಒಪ್ಪಬೇಕು. ಭಾವಗೀತೆ ಮಧ್ಯದ ದಾರಿಯಾಯಿತು. ಟೇಪ್ ರೆಕಾರ್ಡರ್ ಮುಂದೆ ಕೂತು ಸಾಲು ಸಾಲಾಗಿ ನಿಲ್ಲಿಸಿ, ರಿವೈಂಡ್ ಮಾಡಿ ಬರೆದುಕೊಂಡರೆ ಹಾಡು ನಮ್ಮದು! ಸಾಹಿತ್ಯವೂ ಆಯಿತು, ಹಾಡೂ ಆಯಿತು, ಅಪ್ಪ ಅಮ್ಮನ ತಕರಾರೂ ಇಲ್ಲ. ಗಣಪತಿಯ ಮುಂದೆ ನಿಸಾರ್ ಅಹಮದರ ಹಾಡು ಹಾಡುವುದರಲ್ಲಿ ಯಾರಿಗೂ ಏನೂ ವಿಶೇಷ ಕಾಣುತ್ತಿರಲಿಲ್ಲ. ಆ ಕಾಲದ ದೊಡ್ಡತನ ಅದೇ ಇರಬೇಕು.

1982ರ ಗೋಕಾಕ್ ಚಳವಳಿಯ ನಂತರ ಗಲ್ಲಿ ಗಲ್ಲಿಗೆ ಕನ್ನಡ ಸಂಘಗಳು ಹುಟ್ಟಿಕೊಂಡವು. ವಿನೋದಾವಳಿಗೆ ಅದು ಸುಗ್ಗಿಯ ಕಾಲ.

ಲೆಕ್ಕದ ಪುಸ್ತಕ ಹೇಳಿದ ಕತೆ

ನಮ್ಮ ಬೀದಿಯ ಗಣಪತಿ ಸಮಿತಿಯ ಜಮಾ-ಖರ್ಚಿನ ಹಳೇ ನೋಟ್‌ಬುಕ್ಕೊಂದು ಕೆಲವು ವರ್ಷಗಳ ಹಿಂದೆ ನನ್ನ ಕೈಗೆ ಸಿಕ್ಕಿತು. ಖಜಾಂಚಿಯಾಗಿದ್ದವರ ಮನೆ ಕೆಡವಿ ಹೊಸದಾಗಿ ಕಟ್ಟಿಸುವಾಗ ಅಟ್ಟದ ಮೇಲಿದ್ದದ್ದು. ಗುಜರಿಗೆ ಹಾಕುವ ರಾಶಿಯಲ್ಲಿತ್ತು, ಕೇಳಿ ತಂದುಕೊಂಡೆ. 1981ರಿಂದ 1996ರವರೆಗಿನ ಲೆಕ್ಕ ಇದೆ. ನನಗೆ ಅದೊಂದು ಶಾಸನ ಸಿಕ್ಕಿದ ಹಾಗಾಯಿತು.

ಮೊದಲ ಪುಟಗಳಲ್ಲಿ ಖರ್ಚಿನ ಪಟ್ಟಿ ಪ್ರತಿ ವರ್ಷ ಹೆಚ್ಚುಕಮ್ಮಿ ಒಂದೇ. ಮೂರ್ತಿ, ಪೆಂಡಾಲ್, ಮೈಕ್‌ಸೆಟ್, ಹೂವು, ಕಡ್ಲೆಪುರಿ, ರಶೀದಿ ಪುಸ್ತಕ ಅಚ್ಚು ಹಾಕಿಸಿದ್ದು. ಆಮೇಲೆ 'ವಿನೋದಾವಳಿ ಬಾಬ್ತು' ಅಂತ ಒಂದು ತಲೆಬರಹ. ಅದರ ಕೆಳಗೆ ಬರುವುದು ಬಣ್ಣ, ಗಡ್ಡ-ಮೀಸೆ ಬಾಡಿಗೆ, ಪರದೆಗೆ ಸುತ್ತುವ ಹಗ್ಗ, ರಿಹರ್ಸಲ್ ದಿನಗಳ ಕಾಫಿ, ಮಕ್ಕಳಿಗೆ ಬಹುಮಾನದ ಸ್ಟೀಲ್ ಲೋಟ. ಕಲಾವಿದರಿಗೆ ಅಂತ ಒಂದು ಪೈಸೆ ಇಲ್ಲ. ಪರದೆ ಖರ್ಚೂ ಇಲ್ಲ. ಯಾಕೆಂದರೆ ಪರದೆ ಎರಡು ಮನೆಯ ಬೆಡ್‌ಶೀಟು. ವೇದಿಕೆ ಖರ್ಚಿಲ್ಲ, ಯಾಕೆಂದರೆ ಅದು ಸೌದೆ ಡಿಪೋದಿಂದ ಎರವಲು ತಂದ ಹಲಗೆ, ಕೆಳಗೆ ಖಾಲಿ ಪೀಪಾಯಿ.

ಕರಪತ್ರದಲ್ಲಿ ಇಲ್ಲದ ಹೆಸರುಗಳು ಇಲ್ಲಿ ಅಡ್ಡದಾರಿಯಲ್ಲಿ ಸಿಗುತ್ತವೆ. ಟೈಲರ್ ಸಾಬರಿಗೆ ರಾಜನ ಅಂಗಿಗೆ ಜರಿ ತಂದ ಬಾಬ್ತು. ಅವರು ಅಂಗಿ ಹೊಲಿಯುವುದಷ್ಟೇ ಅಲ್ಲ, ದುರ್ಯೋಧನನ ಏಕಪಾತ್ರಾಭಿನಯ ಪ್ರತಿ ವರ್ಷ ಅವರದ್ದೇ. ಸೊಸೈಟಿ ಗುಮಾಸ್ತರಿಗೆ ಗಂಟಲು ನೋವಿಗೆ ಶುಂಠಿ ಪೆಪ್ಪರ್‌ಮಿಂಟು. ಅವರು ಪರದೆ ಹಿಂದೆ ಕೂತು ಮಾತು ಹೇಳಿಕೊಡುವವರು. ಎಷ್ಟು ಜೋರಾಗಿ ಹೇಳಿಕೊಡುತ್ತಿದ್ದರೆಂದರೆ ಜನ ಮೊದಲು ಅವರ ಮಾತಿಗೆ ನಗುತ್ತಿದ್ದರು, ಆಮೇಲೆ ನಟ ಹೇಳಿದಾಗ ಇನ್ನೊಮ್ಮೆ ನಗುತ್ತಿದ್ದರು. 'ಮೂಲೆಮನೆ ಅಮ್ಮನವರಿಗೆ 2 ಕ್ವಯರ್ ಹಾಳೆ' ಅಂತ ಒಂದು ಸಾಲು ನಾಲ್ಕೈದು ವರ್ಷ ಬರುತ್ತದೆ. ಈ ಹಾಳೆಯ ರಹಸ್ಯ ನನಗೆ ಗೊತ್ತು. ಬೀದಿಯ ಪ್ರಹಸನಗಳನ್ನು ಬರೆದುಕೊಡುತ್ತಿದ್ದದ್ದು ಅವರೇ. ಮೈಕಿನಲ್ಲಿ ಕನ್ನಡ ಮೇಷ್ಟ್ರು 'ರಚನೆ: ಗೆಳೆಯರ ಬಳಗ' ಅಂತ ಹೇಳುತ್ತಿದ್ದರು. ಆ ಅಮ್ಮ ಒಂದು ದಿನವೂ ವೇದಿಕೆ ಹತ್ತಲಿಲ್ಲ. ಅವರ ಹಾಳೆಯ ಖರ್ಚು ಉಳಿದಿದೆ, ಹಾಳೆಯ ಮೇಲೆ ಬರೆದದ್ದು ಒಂದಕ್ಷರವೂ ಉಳಿದಿಲ್ಲ.

ಹುಡುಗಿಯರದ್ದೂ ಅಷ್ಟೇ. ಕೋಲಾಟ, ಛದ್ಮವೇಷ, ಭಾವಗೀತೆ ಎಲ್ಲದರಲ್ಲೂ ಅವರೇ ಮುಂದು. ಹೈಸ್ಕೂಲು ದಾಟಿದರೋ, ಮುಗಿಯಿತು. ಜಮಖಾನದ ಮೇಲೆ ಕೂತು ನೋಡುವವರ ಸಾಲಿಗೆ ಸೇರಿಬಿಡುತ್ತಿದ್ದರು. ನಮ್ಮ ಬೀದಿ ಒಂದರ್ಥದಲ್ಲಿ ದೊಡ್ಡದು, ಸಾಬರಿಗೂ ಗುಮಾಸ್ತರಿಗೂ ಒಂದೇ ಹಲಗೆ. ಇನ್ನೊಂದರ್ಥದಲ್ಲಿ ಸಣ್ಣದು. ಕೆರೆ ಪಕ್ಕದ ಕೇರಿಯ ಹುಡುಗರು ತಮಟೆ ಬಡಿಯಲು ವಿಸರ್ಜನೆಯ ದಿನ ಬರುತ್ತಿದ್ದರು, ವಿನೋದಾವಳಿಯ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಅವರಿಗೆ ಮಾತ್ರ ದುಡ್ಡು ಕೊಟ್ಟ ಲೆಕ್ಕವಿದೆ, 'ತಮಟೆಯವರಿಗೆ' ಅಂತ. ಅವರ ವಾದ್ಯ ನಮಗೆ ಕಲೆಯಾಗಿ ಕಾಣಲಿಲ್ಲ, ಕೂಲಿಯಾಗಿ ಕಂಡಿತು. 'ಸ್ಥಳೀಯ' ಎನ್ನುವ ಮಾತಿಗೂ ಒಂದು ಗಡಿ ಇತ್ತು. ಹಳೆಯದನ್ನು ಹಾಡಿ ಹೊಗಳುವಾಗ ನಾವು ಈ ಸಾಲನ್ನು ಬಿಟ್ಟು ಓದುತ್ತೇವೆ.

'ಆರ್ಕೆಸ್ಟ್ರಾ ಅಡ್ವಾನ್ಸ್'

1993ರ ಪುಟದಲ್ಲಿ ಮೊಟ್ಟಮೊದಲ ಬಾರಿಗೆ ಹೊಸ ಸಾಲೊಂದು ಕಾಣಿಸುತ್ತದೆ: 'ಆರ್ಕೆಸ್ಟ್ರಾ ಅಡ್ವಾನ್ಸ್'. ಆ ವರ್ಷದ ಒಟ್ಟು ಖರ್ಚಿನಲ್ಲಿ ಅದೇ ದೊಡ್ಡ ಬಾಬ್ತು. 'ವಿನೋದಾವಳಿ ಬಾಬ್ತು' ಆಗಲೂ ಇದೆ, ಆದರೆ ಎರಡೇ ಸಾಲು. 1996ಕ್ಕೆ ಬರುವಾಗ ಆ ತಲೆಬರಹವೇ ಇಲ್ಲ.

ಇದು ಬರೀ ನಮ್ಮ ಬೀದಿಯ ಕತೆಯಲ್ಲ ಅಂತ ನಿಮಗೂ ಗೊತ್ತು. 1981ರಲ್ಲಿ ಬೆಂಗಳೂರು ದೂರದರ್ಶನ ಬಂತು. 1987ರಲ್ಲಿ 'ರಾಮಾಯಣ' ಶುರುವಾಗಿ ಭಾನುವಾರ ಬೆಳಗಿನ ಬೀದಿಗಳು ಖಾಲಿಯಾದವು. 1994ರಲ್ಲಿ ಉದಯ ಟಿವಿ. ಮನೆಯಲ್ಲೇ ಒಳ್ಳೆಯ ನಟನೆ, ಒಳ್ಳೆಯ ಹಾಡು ಸಿಗುವಾಗ ಬೆಡ್‌ಶೀಟು ಪರದೆಯ ಮುಂದೆ ಮಾತು ಮರೆಯುವವರನ್ನು ಯಾಕೆ ನೋಡಬೇಕು? ಜನಕ್ಕೆ ಹಾಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಚಂದಾ ಕೊಡುವವರು ಕೂಡ ಬದಲಾಗಿದ್ದರು. ಮನೆಗೆ ಹತ್ತು ರೂಪಾಯಿಯ ಬದಲು ಒಬ್ಬ ಕಂಟ್ರಾಕ್ಟರು, ಒಬ್ಬ ಪುಢಾರಿ ದೊಡ್ಡ ಮೊತ್ತ ಕೊಡುತ್ತಿದ್ದರು. ದೊಡ್ಡ ಮೊತ್ತ ಕೊಟ್ಟವರಿಗೆ ದೊಡ್ಡ ಜನ ಸೇರಬೇಕು, ಅದಕ್ಕೆ ಆರ್ಕೆಸ್ಟ್ರಾನೇ ಸರಿ. ಬೆಂಗಳೂರಿನಲ್ಲಿ ಅಣ್ಣಮ್ಮನನ್ನು ಕೂರಿಸಿದರೂ ಆರ್ಕೆಸ್ಟ್ರಾ, ರಾಜ್ಯೋತ್ಸವಕ್ಕೂ ಆರ್ಕೆಸ್ಟ್ರಾ.

ಆರ್ಕೆಸ್ಟ್ರಾದವರನ್ನು ನಾನು ಬೈಯುತ್ತಿಲ್ಲ. ಊರೂರು ಸುತ್ತಿ, ರಾತ್ರಿಯೆಲ್ಲ ನಿಂತು ಹಾಡಿ ಸಂಸಾರ ಸಾಗಿಸಿದ ಕಲಾವಿದರು ಅವರು. ಅವರಲ್ಲಿ ಎಷ್ಟೋ ಜನ ಇಂಥದೇ ಬೀದಿ ವೇದಿಕೆಯಲ್ಲಿ ಮೊದಲ ಸಲ ಮೈಕ್ ಹಿಡಿದವರು. ಕಲೆಗೆ ದುಡ್ಡು ಕೊಡುವುದು ನ್ಯಾಯವೇ. ನನ್ನ ತಕರಾರು ಬೇರೆ. ಕಾರ್ಯಕ್ರಮ ಚೆನ್ನಾಯಿತು, ಆದರೆ ಬೀದಿಯವರ ಪಾಲಿಗೆ ಉಳಿದದ್ದು ಕುರ್ಚಿ ಮಾತ್ರ. ಮೊದಲು ಅರ್ಧ ಬೀದಿ ಆಡುತ್ತಿತ್ತು, ಇನ್ನರ್ಧ ನೋಡುತ್ತಿತ್ತು. ಈಗ ಇಡೀ ಬೀದಿ ನೋಡುತ್ತದೆ.

ಆಮೇಲೆ ಬಂದದ್ದು ಹೊತ್ತಿನ ಪ್ರಶ್ನೆ. 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಎಂದವು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿತು. ಹಬ್ಬಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಪರೀಕ್ಷೆಗೆ ಓದುವ ಮಕ್ಕಳು, ಕಾಯಿಲೆಯವರು ಇರುವ ಮನೆಗಳನ್ನು ನೆನೆದರೆ ಇದು ಒಳ್ಳೆಯ ನಿಯಮವೇ. ಆದರೆ ಪರಿಣಾಮ ಯಾರ ಮೇಲಾಯಿತು ನೋಡಿ. ಸಂಜೆ 7ಕ್ಕೆ ಸಭಾ ಕಾರ್ಯಕ್ರಮ ಶುರು. ಸ್ವಾಗತ, ಹಾರ, ಶಾಲು, ಮುಖ್ಯ ಅತಿಥಿಗಳ ಎರಡು ಮಾತು (ಅದು ಎಂದಾದರೂ ಎರಡೇ ಮಾತಾಗಿದೆಯೇ?). ಒಂಬತ್ತೂವರೆಗೆ ಪೊಲೀಸರು ಬಂದು ಗಡಿಯಾರ ತೋರಿಸುತ್ತಾರೆ. ಕತ್ತರಿ ಬೀಳುವುದು ಭಾಷಣಕ್ಕಲ್ಲ, ಬಣ್ಣ ಹಚ್ಚಿಕೊಂಡು ಎಂಟು ಗಂಟೆಯಿಂದ ಕಾಯುತ್ತಿರುವ ಮಕ್ಕಳ ಹಾಡಿಗೆ.

ಒಂದು ಸೋಜಿಗ ಹೇಳಲೇ? ಬೀದಿ ಕಲಾವಿದರನ್ನು ನಾವು ಲೆಕ್ಕಕ್ಕಿಡದಿದ್ದರೂ ದೇಶದ ಕಾನೂನು ಇಟ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಹವ್ಯಾಸಿ ಸಂಘವೊಂದು ಪ್ರೇಕ್ಷಕರಿಂದ ದುಡ್ಡು ಪಡೆಯದೆ ನಾಟಕ ಆಡಿದರೆ, ಹಾಡು ಹಾಡಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ. ದುಡ್ಡಿಲ್ಲದ ಆಟಕ್ಕೂ ಸಮಾಜದಲ್ಲಿ ಜಾಗ ಬೇಕು ಎಂದು ಕಾಯ್ದೆ ಬರೆದವರಿಗೆ ಹೊಳೆದಿತ್ತು.

ಉಳಿದುಕೊಂಡದ್ದು ಎಲ್ಲಿ?

ಎಲ್ಲ ಕಡೆ ಅಳಿಸಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಸಾಗರದ ಹತ್ತಿರದ ಹೆಗ್ಗೋಡು ಅಡಿಕೆ ಬೆಳೆಗಾರರ ಸಣ್ಣ ಊರು. 1949ರಲ್ಲಿ ಊರಿನವರೇ ಸೇರಿ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ಇವತ್ತಿನ ನೀನಾಸಂ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಎಲ್ಲ ಊರೂ ಹೆಗ್ಗೋಡಾಗಲು ಸಾಧ್ಯವಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅವರು ಆಡಿದ್ದರ ಜೊತೆಗೆ ಅಚ್ಚು ಹಾಕಿಸುವುದನ್ನೂ ಮಾಡಿದರು, ಪುಸ್ತಕ ತಂದರು. ಅದಕ್ಕೇ ಅವರ ಕತೆ ನಮಗೆ ಗೊತ್ತಿದೆ.

ಹೊರನಾಡ ಕನ್ನಡಿಗರಲ್ಲೂ ಇದು ಗಟ್ಟಿಯಾಗಿ ಉಳಿದಿದೆ. ಮುಂಬಯಿಯ ಮಾಟುಂಗದಲ್ಲಿರುವ ಮೈಸೂರು ಅಸೋಸಿಯೇಷನ್ 1926ರದ್ದು. ಅಮೆರಿಕದಲ್ಲಿ 2000ದಲ್ಲಿ ಹ್ಯೂಸ್ಟನ್‌ನಲ್ಲಿ ಅಕ್ಕ ಸಮ್ಮೇಳನ ನಡೆಯುವುದಕ್ಕೂ ಎಷ್ಟೋ ಮೊದಲಿನಿಂದ ಕನ್ನಡ ಕೂಟಗಳ ಯುಗಾದಿ, ದೀಪಾವಳಿಗಳಲ್ಲಿ ವಿನೋದಾವಳಿಯೇ ಜೀವಾಳ. ಹೊರದೇಶದಲ್ಲಿರುವ ಗೆಳೆಯರು ಇದನ್ನು ನಾಡಿನ ಮೇಲಿನ ಪ್ರೀತಿ ಎನ್ನುತ್ತಾರೆ. ಪ್ರೀತಿ ಇದೆ, ಇಲ್ಲವೆನ್ನುವುದಿಲ್ಲ. ಜೊತೆಗೆ ಇನ್ನೊಂದು ಕಾರಣವೂ ಇದೆ: ಅಲ್ಲಿ ಪ್ರತಿ ಹಬ್ಬಕ್ಕೂ ದುಡ್ಡು ಕೊಟ್ಟು ಆರ್ಕೆಸ್ಟ್ರಾ ತರಿಸುವುದು ದುಬಾರಿ :-) ಬೇರೆ ದಾರಿಯಿಲ್ಲದೆ ಸಾಫ್ಟ್‌ವೇರ್ ಎಂಜಿನಿಯರು ಶಕುನಿಯಾಗುತ್ತಾನೆ, ಡಾಕ್ಟರಮ್ಮ ಕೋಲಾಟ ಕಲಿಸುತ್ತಾರೆ. ಹೈಸ್ಕೂಲು ದಾಟಿದ ಹುಡುಗಿಯರು, ಅವರ ಅಮ್ಮಂದಿರು, ಅಜ್ಜಿಯರು ಅಲ್ಲಿ ವೇದಿಕೆಯ ಮೇಲೇ ಇದ್ದಾರೆ. ನಮ್ಮ ಬೀದಿಗಿಂತ ಅವರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ ಎಂದು ಒಪ್ಪಿಕೊಳ್ಳಲೇಬೇಕು.

2020ರಲ್ಲಿ ಕೋವಿಡ್ ಬಂದು ವೇದಿಕೆಗಳೆಲ್ಲ ಮೌನವಾದವು. ಮತ್ತೆ ಪೆಂಡಾಲ್ ಎದ್ದಾಗ ಬೆಂಗಳೂರಿನ ಹಲವು ಅಪಾರ್ಟ್‌ಮೆಂಟುಗಳಲ್ಲಿ ನಾನು ನೋಡಿದ್ದು ಹಳೆಯ ವಿನೋದಾವಳಿಯನ್ನೇ. ಹೆಸರು ಈಗ 'ಕಲ್ಚರಲ್ಸ್'. ಹಾಡಿನ ಕರೋಕೆ ಫೋನಿನಲ್ಲಿ, ಕುಣಿತ ರೀಲ್ಸ್ ನೋಡಿ ಕಲಿತದ್ದು. ಪರವಾಗಿಲ್ಲ, ನಾವೂ ಕ್ಯಾಸೆಟ್ ಕೇಳಿ ಕಲಿತವರೇ. ಆದರೆ ಅಲ್ಲಿ ನೆಲ ಒರೆಸುವ ಹೆಂಗಸಿನ ಮಗಳು, ಸೆಕ್ಯುರಿಟಿಯವರ ಮಗ ವೇದಿಕೆ ಹತ್ತುತ್ತಾರಾ? ಹತ್ತಿಸಿದ ಕಡೆಯೂ ನೋಡಿದ್ದೇನೆ, ಗೇಟಿನ ಹತ್ತಿರ ನಿಂತು ನೋಡಲು ಬಿಟ್ಟ ಕಡೆಯೂ ನೋಡಿದ್ದೇನೆ. 1924ರ ಬೆಳಗಾವಿಯ ಪ್ರಶ್ನೆ ಇನ್ನೂ ಮುಗಿದಿಲ್ಲ.

ಬರೆದಿಡೋಣ

ಈಗ ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲವೂ ರೆಕಾರ್ಡ್ ಆಗುತ್ತದೆ ಅನ್ನುತ್ತೀರಿ. ಗಮನಿಸಿ ನೋಡಿ, ಪ್ರತಿಯೊಬ್ಬರೂ ತಮ್ಮ ಮಗುವಿನ ಎರಡು ನಿಮಿಷ ಮಾತ್ರ ಹಿಡಿದಿಟ್ಟಿರುತ್ತಾರೆ. ಇಡೀ ಸಂಜೆಯದ್ದು ಯಾರ ಹತ್ತಿರವೂ ಇಲ್ಲ. ಯಾರು ಬರೆದರು, ಯಾರು ಕಲಿಸಿದರು, ಬಣ್ಣ ಹಚ್ಚಿದವರು ಯಾರು, ಕಡೆಯಲ್ಲಿ ಜಮಖಾನ ಮಡಿಸಿದವರು ಯಾರು... ಇದೆಲ್ಲ ಯಾವ ಫೋನಿನಲ್ಲೂ ಸಿಗುವುದಿಲ್ಲ.

ಹಾಗಾಗಿ ಬರೆಯುವ ಅಭ್ಯಾಸ ಇರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಊರಿಗೆ ಹೋದಾಗ ನಿಮ್ಮ ಬೀದಿಯ ಖಜಾಂಚಿಯ ಮನೆಗೊಮ್ಮೆ ಹೋಗಿ ಬನ್ನಿ. ರಶೀದಿ ಪುಸ್ತಕ, ಕರಪತ್ರ, ಜಮಾ-ಖರ್ಚು ಏನಿದ್ದರೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ವಯಸ್ಸಾದವರನ್ನು ಕೂರಿಸಿಕೊಂಡು ಯಾವ ವರ್ಷ ಯಾವ ನಾಟಕ, ಯಾರಿಗೆ ಯಾವ ಪಾತ್ರ, ಯಾರನ್ನು ಕರೆಯಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಕೊನೆಯದನ್ನು ಮರೆಯದೆ ಕೇಳಿ. ಮುಂದಿನ ಸಲ ನಿಮ್ಮ ಬಡಾವಣೆಯ ಕರಪತ್ರ ಅಚ್ಚಿಗೆ ಹೋಗುವಾಗ 'ಸ್ಥಳೀಯ ಪ್ರತಿಭೆಗಳಿಂದ' ಎಂದು ಬರೆಯುವ ಜಾಗದಲ್ಲಿ ಹೆಸರುಗಳನ್ನು ಹಾಕಿಸಿ. ಕೋಲಾಟದ ಕೊನೆಯ ಸಾಲಿನ ಹುಡುಗಿಯ ಹೆಸರೂ ಇರಲಿ, ತಮಟೆಯವರ ಹೆಸರೂ ಇರಲಿ. ಕಾಗದ ಒಂದು ಇಂಚು ಉದ್ದವಾದೀತು, ಅಷ್ಟೇ.

ಮೂಲೆಮನೆ ಅಮ್ಮ ಬರೆದ ಪ್ರಹಸನದ ಒಂದೇ ಒಂದು ಹಾಳೆ ನಮ್ಮ ಬೀದಿಯ ಯಾರ ಮನೆಯಲ್ಲಾದರೂ ಸಿಗಬಹುದು ಎಂದು ನಾನಿನ್ನೂ ಕೇಳುತ್ತಲೇ ಇದ್ದೇನೆ. ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದಿರುತ್ತಾರೆ. ಅವರು ಯಾರು?